ಕಷ್ಟಕಾಲದಲ್ಲಿ ಕವಿತೆ ಓದುವ ಬಗೆ

ಭದ್ರಾವತಿಯಲ್ಲೂ ಹೊಸಮನೆ ಎಂಬ ಬಡಾವಣೆ ಇದೆ, ಶಿವಮೊಗ್ಗದಲ್ಲೂ ಒಂದು ಹೊಸಮನೆ ಇದೆ. ತಿಂಗಳ ಸಂಬಳ, ಬಾಡಿಗೆ, ಮಕ್ಕಳ ಫೀಸು ಎಂದು ಲೆಕ್ಕ ಹಾಕಿಯೇ ಸಂಸಾರ ತೂಗಿಸುವವರು ಎರಡೂ ಕಡೆ ಇದ್ದಾರೆ. ಅದರಲ್ಲೂ ಭದ್ರಾವತಿಗೆ ಕಳೆದ ಹತ್ತು ವರ್ಷ ಸುಲಭದ್ದಾಗಿರಲಿಲ್ಲ. 1936ರಲ್ಲಿ ಹುಟ್ಟಿದ ಎಂಪಿಎಂ ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತುಹೋದವು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, ಅಂದರೆ ಈಗಿನ ವಿಐಎಸ್‌ಎಲ್, ನೂರು ತುಂಬುವ ಹೊತ್ತಿಗೆ ಸರಿಯಾಗಿ 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಕೆಲಸ ಹೋದ ಮನೆಯಲ್ಲಿ ಮಾತು ಹೇಗೆ ಕಮ್ಮಿಯಾಗುತ್ತದೆ ಎಂಬುದು ಈ ಊರಿಗೆ ಚೆನ್ನಾಗಿ ಗೊತ್ತು.

ಇಂಥ ಹೊತ್ತಿನಲ್ಲಿ ‘ಕವಿತೆ ಓದಿ’ ಎಂದರೆ ಯಾರಿಗಾದರೂ ಸಿಟ್ಟೇ ಬರಬೇಕು. ಕವಿತೆ ಸಾಲ ತೀರಿಸುವುದಿಲ್ಲ, ಹೋದ ನೌಕರಿ ತಂದುಕೊಡುವುದಿಲ್ಲ, ಸತ್ತವರನ್ನು ಎಬ್ಬಿಸುವುದಿಲ್ಲ. ಅದು ಮಾಡುವ ಕೆಲಸ ಚಿಕ್ಕದು: ಗಂಟಲಲ್ಲಿ ಸಿಕ್ಕಿಕೊಂಡದ್ದಕ್ಕೆ ಮಾತು ಕೊಡುತ್ತದೆ, ಇದೇ ಕಷ್ಟ ಇನ್ನೊಬ್ಬರಿಗೂ ಬಂದಿತ್ತು ಎಂದು ತೋರಿಸುತ್ತದೆ. ಆದರೆ ಅಷ್ಟಾದರೂ ಆಗಬೇಕಾದರೆ ಕವಿತೆಯನ್ನು ಕಣ್ಣಲ್ಲಿ ಓದಿ ಮುಚ್ಚಿಟ್ಟರೆ ಸಾಲದು. ಬಾಯಿಬಿಟ್ಟು ಹೇಳಬೇಕು, ಒಂದಿಷ್ಟು ಬಾಯಿಪಾಠ ಆಗಬೇಕು, ಪಕ್ಕದವರ ಕಿವಿಗೂ ಬೀಳಬೇಕು. ಈ ಜಿಲ್ಲೆಯಲ್ಲಿ ಕಾವ್ಯ ಬದುಕಿದ್ದೇ ಹಾಗೆ. ಅದನ್ನು ಮನೆಯಲ್ಲಿ, ಬೀದಿಯಲ್ಲಿ ಮಾಡಿಕೊಳ್ಳುವುದು ಹೇಗೆ ಎಂಬುದಕ್ಕೆ ಇಲ್ಲೊಂದು ದಾರಿ.

ಮೊದಲು ಯಾವ ಕವಿತೆ?

ದುಃಖದಲ್ಲಿರುವವರ ಕೈಗೆ ಮೊದಲ ದಿನವೇ ಧೈರ್ಯದ ಪದ್ಯ ಕೊಡಬೇಡಿ. ಮನೆಯಲ್ಲಿ ಸಾವಾದವರಿಗೆ ‘ಏಳು, ಎದ್ದೇಳು’ ಎನ್ನುವ ಹುರುಪಿನ ಹಾಡು ಗದರಿಸಿದಂತೆ ಕೇಳುತ್ತದೆ. ಮೊದಲು ಅವರ ಸದ್ಯದ ಮನಸ್ಸಿಗೆ ಹೊಂದುವ ಕವಿತೆ ಸಿಗಲಿ. ಅದು ಒಳಗೆ ಇಳಿದ ಮೇಲೆ ಸ್ವಲ್ಪ ಬೆಳಕಿನ ಕಡೆ ಮುಖ ಮಾಡಿದ ಇನ್ನೊಂದನ್ನು ಕೊಡಿ. ಕವಿತೆಯ ಮೂಲಕ ಚಿಕಿತ್ಸೆ ಕೊಡುವವರು ಪಾಲಿಸುವ ಕ್ರಮವೂ ಇದೇ.

*ಕೆಲಸ, ದುಡ್ಡಿನ ಚಿಂತೆ ಇದ್ದರೆ:* ಬೇಂದ್ರೆಯವರಿಂದ ಶುರು ಮಾಡಬಹುದು. ‘ನರಬಲಿ’ ಎಂಬ ಕವಿತೆಗಾಗಿ ಬ್ರಿಟಿಷ್ ಸರ್ಕಾರ ಅವರನ್ನು ಸೆರೆಗೆ ಹಾಕಿತು. ಹೊರಬಂದ ಮೇಲೆ ವರ್ಷಗಟ್ಟಲೆ ಗಟ್ಟಿ ನೌಕರಿ ಇರಲಿಲ್ಲ. ಸೊಲ್ಲಾಪುರದ ಕಾಲೇಜಿನಲ್ಲಿ ನೆಲೆ ಸಿಕ್ಕಿದ್ದು 1944ರಲ್ಲಿ. ಗಂಡ ಹೆಂಡತಿ ಕೂಡಿ ಉಂಡ ಸುಖದುಃಖದ ಕತೆಯಾದ ‘ಸಖೀಗೀತ’ ಬಂದದ್ದು ಆ ನಡುವೆ, 1937ರಲ್ಲಿ. ಸಂಬಳ ನಿಂತ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೂತು ಓದಬೇಕಾದ ಪುಸ್ತಕ ಅದು. ಅದರ ಜೊತೆಗೆ ಆಯ್ದಕ್ಕಿ ಲಕ್ಕಮ್ಮನ ವಚನಗಳಿರಲಿ. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವನನ್ನೇ ನಿಲ್ಲಿಸಿ ಪ್ರಶ್ನಿಸಿದ ಹೆಂಗಸು ಆಕೆ. ಬಡತನದಲ್ಲೂ ಬೆನ್ನು ನೆಟ್ಟಗಿಟ್ಟುಕೊಂಡವರ ದನಿ ಹೇಗಿರುತ್ತದೆ ಎಂಬುದು ಅಲ್ಲಿ ಕೇಳುತ್ತದೆ.

*ಹತ್ತಿರದವರು ತೀರಿಕೊಂಡಿದ್ದರೆ:* ಹೆಂಡತಿಯ ಸಾವಿನ ನಂತರ ಎಚ್.ಎಸ್. ವೆಂಕಟೇಶಮೂರ್ತಿ ಬರೆದ ‘ಉತ್ತರಾಯಣ’ ಓದಿ. ಎಚ್ಚೆಸ್ವಿ ಹುಟ್ಟಿದ ಹೋದಿಗೆರೆ ಇರುವ ಚನ್ನಗಿರಿ ತಾಲ್ಲೂಕು ಆಗ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ಮಕ್ಕಳನ್ನು ಕಳಕೊಂಡ ಬೇಂದ್ರೆ ಆ ಸಂಕಟದಲ್ಲೇ ಬರೆದ ಕವಿತೆಗಳೂ ಇವೆ. ಅವನ್ನು ಒಂದೇ ಸಲ ಓದಿ ಮುಗಿಸಲು ಹೋಗಬೇಡಿ. ಒಂದು ಪುಟ ಓದಿ, ಪುಸ್ತಕ ಮಡಚಿಟ್ಟು ಎದ್ದುಹೋಗಿ. ಮತ್ತೆ ಓದಬೇಕು ಅನಿಸಿದ ದಿನ ಬನ್ನಿ.

*ಬದುಕೇ ಗೋಜಲು ಅನಿಸಿದರೆ:* ಡಿವಿಜಿ 1924ರಲ್ಲಿ ಬೆಂಕಿ ಅವಘಡದಲ್ಲಿ ಪತ್ನಿಯನ್ನು ಕಳಕೊಂಡರು, ಮತ್ತೆ ಮದುವೆಯಾಗಲಿಲ್ಲ. ಅವರ ‘ಮಂಕುತಿಮ್ಮನ ಕಗ್ಗ’ ಅಚ್ಚಾದದ್ದು 1943ರಲ್ಲಿ. ನಾಲ್ಕು ನಾಲ್ಕು ಸಾಲಿನ 945 ಪದ್ಯಗಳು. ದಿನಕ್ಕೊಂದು ಓದಿದರೂ ಎರಡೂವರೆ ವರ್ಷದ ಬುತ್ತಿ. ಹಳೆಯ ಪದ ಸಿಕ್ಕಿಹಾಕಿಕೊಂಡರೆ ಅರ್ಥಸಹಿತ ಮುದ್ರಣಗಳು ಬೇಕಾದಷ್ಟಿವೆ.

*ಅವಮಾನವಾಗಿದ್ದರೆ, ಸಿಟ್ಟಿದ್ದರೆ:* ಸಿಟ್ಟನ್ನು ಸಮಾಧಾನದ ಪದ್ಯದಿಂದ ಮುಚ್ಚಲು ಹೋಗಬೇಡಿ. ದಲಿತ ಸಂಘರ್ಷ ಸಮಿತಿ 1970ರ ದಶಕದಲ್ಲಿ ಬೇರುಬಿಟ್ಟದ್ದು ಭದ್ರಾವತಿಯಲ್ಲಿ. ಇಲ್ಲಿ ಕಾಲೇಜು ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪ ಅದನ್ನು ಕಟ್ಟಿದವರು. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಆ ಚಳವಳಿಯ ಜೊತೆಗೇ ಊರೂರು ತಿರುಗಿತು. ಪುಸ್ತಕ ಕೊಳ್ಳಲಾಗದವರಿಗೂ, ಅಕ್ಷರ ಬಾರದವರಿಗೂ ಆ ಸಾಲುಗಳು ಬಾಯಿಪಾಠವಾದವು. ನೊಂದವರು ಒಟ್ಟಾಗಿ ದನಿ ಎತ್ತಿದಾಗ ಕವಿತೆಗೆ ಎಂಥ ಕಸುವು ಬರುತ್ತದೆ ಎಂಬುದಕ್ಕೆ ನಮ್ಮ ಕಾಲದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

*ಒಂಟಿತನ ಕಾಡುತ್ತಿದ್ದರೆ:* ಶಿಕಾರಿಪುರ ತಾಲ್ಲೂಕಿನ ಮೂವರನ್ನು ಮನೆಗೆ ಕರೆಯಿರಿ. ಉಡುತಡಿಯ ಅಕ್ಕಮಹಾದೇವಿ, ಬಳ್ಳಿಗಾವಿಯ ಅಲ್ಲಮ, ಈಸೂರಿನ ಜಿ.ಎಸ್. ಶಿವರುದ್ರಪ್ಪ. ಮನೆ ಬಿಟ್ಟು ಒಬ್ಬಳೇ ಹೊರಟ ಅಕ್ಕನ ವಚನಗಳಲ್ಲಿ ಗಿಡ, ಹಕ್ಕಿ, ಹಸಿವು, ಚಳಿ ಎಲ್ಲವೂ ಜೊತೆಗಾರರಾಗುತ್ತವೆ. ಅಲ್ಲಮ ಒಮ್ಮೆಗೇ ಕೈಗೆ ಸಿಗುವುದಿಲ್ಲ, ಅವನನ್ನು ಆಮೇಲೆ ಓದಿದರಾಯಿತು. ಜಿಎಸ್‌ಎಸ್ ಕವಿತೆಗಳ ಮಾತು ತಿಳಿಯಾದದ್ದು, ಹೊಸದಾಗಿ ಓದುವವರೂ ಎಡವುವುದಿಲ್ಲ.

ಒಂದು ಎಚ್ಚರ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕುವೆಂಪು, ಡಿವಿಜಿ, ಬೇಂದ್ರೆ ಹೆಸರು ಹಾಕಿಕೊಂಡು ಬರುವ ಸಾಲುಗಳಲ್ಲಿ ಅವರದಲ್ಲದ್ದು ಬಹಳ. ಇನ್ನೊಬ್ಬರಿಗೆ ಕಳಿಸುವ ಮೊದಲು ಪುಸ್ತಕದಲ್ಲಿ ನೋಡಿಕೊಳ್ಳಿ. ವಚನಗಳಿಗಂತೂ ಕರ್ನಾಟಕ ಸರ್ಕಾರ ತಂದ 15 ಸಂಪುಟಗಳ ಸಮಗ್ರ ವಚನ ಸಂಪುಟವಿದೆ. ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿ.

ಗಟ್ಟಿಯಾಗಿ ಓದಿ, ಉಸಿರು ನೋಡಿಕೊಳ್ಳಿ

ಶಿವಮೊಗ್ಗದ ಪಕ್ಕದಲ್ಲಿ ತುಂಗೆಯ ಒಂದು ದಡಕ್ಕೆ ಮತ್ತೂರು, ಇನ್ನೊಂದು ದಡಕ್ಕೆ ಹೊಸಹಳ್ಳಿ. ಹೊಸಹಳ್ಳಿಯದು ಗಮಕದ ಹೆಸರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಒಬ್ಬರು ಪದ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಅಕ್ಷರ ಬಾರದ ರೈತನಿಗೂ ಕುಮಾರವ್ಯಾಸ ಗೊತ್ತಿದ್ದದ್ದು ಹೀಗೆ, ಕಿವಿಯ ಮೂಲಕ.

ಗಮಕ ಕಲಿಯದವರೂ ಇದರಲ್ಲಿ ಒಂದು ಗುಟ್ಟನ್ನು ಎತ್ತಿಕೊಳ್ಳಬಹುದು. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಒಂದು ಪದ್ಯ ತೆಗೆದುಕೊಳ್ಳಿ. ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ ಹದಿನಾಲ್ಕು ಹದಿನಾಲ್ಕು ಮಾತ್ರೆ: ಮೂರು-ನಾಲ್ಕು, ಮೂರು-ನಾಲ್ಕು ಎಂಬ ನಡೆ. ಮೂರನೆಯ ಮತ್ತು ಆರನೆಯ ಸಾಲಿಗೆ ಅದೇ ನಡೆ ಮೂರು ಸಲ ಬಂದು, ಕೊನೆಗೊಂದು ಗುರು ಸೇರಿ ಇಪ್ಪತ್ಮೂರು ಮಾತ್ರೆ. ಕೂತು ಬೆರಳು ತಟ್ಟುತ್ತ ಓದಿ. ಎರಡು ಗಿಡ್ಡ ಸಾಲು, ಆಮೇಲೆ ಒಂದು ಉದ್ದ ಸಾಲು. ಆ ಉದ್ದ ಸಾಲನ್ನು ಒಂದೇ ಉಸಿರಿಗೆ ಮುಗಿಸಬೇಕಾದರೆ ಮೊದಲೇ ಎದೆ ತುಂಬ ಗಾಳಿ ತುಂಬಿಕೊಳ್ಳಬೇಕು, ನಿಧಾನವಾಗಿ ಬಿಡಬೇಕು. ಇನ್ನೊಂದು ಪದ್ಯ, ಮತ್ತೊಂದು ಪದ್ಯ. ಉಸಿರು ತಾನಾಗಿ ಉದ್ದವಾಗುತ್ತದೆ. ಕಳವಳದಲ್ಲಿರುವವರ ಉಸಿರು ಗಿಡ್ಡವಾಗಿ, ಮೇಲುಮೇಲಕ್ಕೆ ಆಡುತ್ತಿರುತ್ತದೆ. ಅದನ್ನು ಇಳಿಸಲು ಇದು ಖರ್ಚಿಲ್ಲದ ಉಪಾಯ.

ಇದು ಬರೀ ನಂಬಿಕೆಯ ಮಾತಲ್ಲ. ಜರ್ಮನಿಯ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೋಮರನ ಕಾವ್ಯದ ಛಂದಸ್ಸಿನಲ್ಲಿ ಪದ್ಯ ವಾಚಿಸುತ್ತಿದ್ದವರ ಉಸಿರಾಟಕ್ಕೂ ಎದೆಬಡಿತದ ಏರಿಳಿತಕ್ಕೂ ಹೊಂದಾಣಿಕೆ ಬಂದದ್ದು ಕಂಡಿತು.

ಮನೆಯಲ್ಲಿ ರೂಢಿ ಮಾಡಿಕೊಳ್ಳುವುದು ಹೀಗೆ:

• ದಿನದಲ್ಲಿ ಒಂದೇ ಹೊತ್ತು ಗೊತ್ತುಮಾಡಿ. ರಾತ್ರಿ ಊಟ ಮುಗಿದ ಮೇಲೆ, ಟಿವಿ ಆರಿಸಿದ ಮೇಲೆ ಹತ್ತು ನಿಮಿಷ ಸಾಕು.

• ಒಂದು ಕವಿತೆಯನ್ನು ಎರಡು ಸಲ ಓದಿ. ಮೊದಲ ಸಲ ಅರ್ಥದ ಗೊಡವೆ ಬೇಡ. ಎರಡನೆಯ ಸಲ ತಡೆದ ಜಾಗದಲ್ಲಿ ನಿಲ್ಲಿ.

• ಅದೇ ಕವಿತೆಯನ್ನು ವಾರಪೂರ್ತಿ ಓದಿ. ದಿನಕ್ಕೊಂದು ಹೊಸದು ಬೇಕೆಂಬ ಹಪಾಹಪಿ ಬೇಡ.

• ಹಿಡಿಸಿದ ನಾಲ್ಕು ಸಾಲನ್ನು ಕೈಯಾರೆ ಬರೆದು, ಅಡುಗೆಮನೆಯ ಡಬ್ಬಿಯ ಮೇಲೋ ಬೈಕಿನ ಕೀ ತೂಗುವ ಮೊಳೆಯ ಪಕ್ಕದಲ್ಲೋ ಅಂಟಿಸಿ. ಓಡಾಡುವಾಗ ಕಣ್ಣಿಗೆ ಬಿದ್ದು ಬಿದ್ದೇ ಬಾಯಿಗೆ ಬರುತ್ತದೆ.

ಓದು ಆಗಿಬರದವರಿಗೆ ಹಾಡಿದೆ. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಎಷ್ಟೋ ಮನೆಗಳಿಗೆ ಭಾವಗೀತೆ ಮುಟ್ಟಿಸಿದ ದಾರಿ. ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಕ್ಯಾಸೆಟ್ ಬಂದದ್ದು 1978ರಲ್ಲಿ. ನಿಸಾರ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನದ ಮೇಷ್ಟ್ರಾಗಿದ್ದವರು. ಶಿವಮೊಗ್ಗ ಸುಬ್ಬಣ್ಣನವರ ಕಂಠ, ಇದೇ ಊರಲ್ಲಿ ಹುಟ್ಟಿದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಗೀತೆಗಳು, ಅವರೇ ಮುತುವರ್ಜಿಯಿಂದ ಬೆಳಕಿಗೆ ತಂದ ಶಿಶುನಾಳ ಶರೀಫರ ಪದಗಳು ಎಲ್ಲವೂ ಇವತ್ತು ಫೋನಿನಲ್ಲೇ ಸಿಗುತ್ತವೆ. ಸುಮ್ಮನೆ ಕೇಳಿ ಬಿಡಬೇಡಿ, ಕೂಡಿಕೊಂಡು ಗುನುಗಿ. ಶ್ರುತಿ ತಪ್ಪಿದರೆ ತಪ್ಪಲಿ.

ಬಾಯಿಪಾಠ ಯಾಕೆ ಬೇಕು

ಫೋನ್ ಜೇಬಲ್ಲಿರುವಾಗ ಬಾಯಿಪಾಠ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಐಸಿಯು ಹೊರಗಿನ ಬೆಂಚಿನ ಮೇಲೆ ಕೂತಾಗ, ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದಾಗ ಫೋನ್ ತೆಗೆದರೆ ಕವಿತೆಗಿಂತ ಮೊದಲು ಬೇರೆ ನೂರು ಸಂಗತಿ ಬಂದು ಕೂರುತ್ತವೆ. ಬಾಯಲ್ಲಿದ್ದದ್ದು ಮಾತ್ರ ಕತ್ತಲಲ್ಲೂ ಸಿಗುತ್ತದೆ.

ಸೋವಿಯತ್ ಕವಿ ಇರಿನಾ ರತುಶಿನ್ಸ್ಕಾಯಾ 1980ರ ದಶಕದಲ್ಲಿ ಕಾರ್ಮಿಕ ಶಿಬಿರದಲ್ಲಿ ಸೆರೆಯಾಗಿದ್ದರು. ಆಕೆ ಬೆಂಕಿಕಡ್ಡಿಯಿಂದ ಸೋಪಿನ ಮೇಲೆ ಕವಿತೆ ಕೆತ್ತುತ್ತಿದ್ದರು. ಸಾಲು ಬಾಯಿಗೆ ಬಂದ ಮೇಲೆ ಅದೇ ಸೋಪಿನಲ್ಲಿ ಕೈ ತೊಳೆದರೆ ಅಕ್ಷರ ಅಳಿಸಿಹೋಗುತ್ತಿತ್ತು. ಅದಕ್ಕೂ ಮೊದಲು ಸ್ಟಾಲಿನ್ ಕಾಲದಲ್ಲಿ ಅನ್ನಾ ಅಖ್ಮತೋವಾ ತಮ್ಮ ‘ರೆಕ್ವಿಯಂ’ ಕವಿತೆಯನ್ನು ಕಾಗದದಲ್ಲಿ ಇಟ್ಟುಕೊಳ್ಳುವುದೇ ಅಪಾಯವಾಗಿ, ನಂಬಿಕಸ್ಥ ಗೆಳತಿಯರಿಗೆ ಬಾಯಿಪಾಠ ಮಾಡಿಸಿ ಕಾಪಾಡಿಕೊಂಡರು.

ನಮ್ಮಲ್ಲಿ ಬೀಸುವ ಕಲ್ಲಿನ ಮುಂದೆ ಹಾಡಿದ ತ್ರಿಪದಿಗಳೂ ಹೀಗೆಯೇ ಉಳಿದವು. ತವರಿನ ನೆನಪು, ಅತ್ತೆಮನೆಯ ಬೇಗೆ, ಕಂದನ ಮೇಲಿನ ಅಕ್ಕರೆ ಎಲ್ಲವನ್ನೂ ಹೆಂಗಸರು ಮೂರು ಸಾಲಲ್ಲಿ ಇಳಿಸಿಟ್ಟರು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ದೀಪಾವಳಿಯ ರಾತ್ರಿಗಳಲ್ಲಿ ಮನೆಮನೆಗೆ ದೀಪ ಹೊತ್ತು ಪದ ಹಾಡುತ್ತ ಹೋಗುವ ಅಂಟಿಗೆ-ಪಂಟಿಗೆ ತಂಡದವರ ಕೈಯಲ್ಲಿ ಪುಸ್ತಕ ಇರುವುದಿಲ್ಲ. ನಿಮ್ಮ ಅಜ್ಜಿಗೋ ಅತ್ತೆಗೋ ಇಂಥ ಪದ ಗೊತ್ತಿದ್ದರೆ ಈಗಲೇ ಕೂತು ಬರೆದುಕೊಳ್ಳಿ. ಮನೆಗೆ ಅದೇ ಮೊದಲ ಕವನ ಸಂಕಲನ.

ನೀವೇ ಬರೆಯುವುದಾದರೆ

ಕವಿಯಾಗಬೇಕಿಲ್ಲ, ಪ್ರಾಸ ಕೂಡಬೇಕಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ಒಂದು ಸರಳ ಕ್ರಮ ಪರೀಕ್ಷಿಸಿದರು: ಮನಸ್ಸನ್ನು ಕಲಕಿದ ಸಂಗತಿಯ ಬಗ್ಗೆ ದಿನಕ್ಕೆ ಹದಿನೈದು ನಿಮಿಷದಂತೆ ಸತತ ನಾಲ್ಕು ದಿನ ಬರೆಯುವುದು. ಕಾಗುಣಿತದ ಚಿಂತೆ ಇಲ್ಲ, ಯಾರಿಗೂ ತೋರಿಸಬೇಕಿಲ್ಲ. ಹೀಗೆ ಬರೆದವರಲ್ಲಿ ಹಲವರಿಗೆ ಮುಂದಿನ ತಿಂಗಳುಗಳಲ್ಲಿ ಒಳ್ಳೆಯದಾದದ್ದು ಕಂಡಿತು. ಪರಿಣಾಮ ದೊಡ್ಡದಲ್ಲ, ಎಲ್ಲರಿಗೂ ಒಂದೇ ಸಮ ಆಗುವುದೂ ಇಲ್ಲ. ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗುವುದುಂಟು, ಹೆಚ್ಚಿನವರಿಗೆ ಅದು ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಬರೆಯುತ್ತ ತಡೆಯಲಾರದಂತೆ ಆದರೆ ನಿಲ್ಲಿಸಿಬಿಡಿ. ದುರಂತ ನಡೆದು ಇನ್ನೂ ವಾರವೂ ಆಗಿಲ್ಲದಿದ್ದರೆ ಬರೆಯುವ ಆತುರ ಬೇಡ.

ನಾಲ್ಕು ದಿನದ ಬರಹದಿಂದ ನಿಮಗೆ ನಿಜ ಅನಿಸಿದ ಆರು ಮಾತು ಆರಿಸಿ, ಒಂದರ ಕೆಳಗೆ ಒಂದು ಇಡಿ. ‘ನೋವು’, ‘ಕತ್ತಲೆ’, ‘ಜೀವನ’ ಎಂಬಂಥ ದೊಡ್ಡ ಪದ ಬಂದಲ್ಲೆಲ್ಲ ಹೊಡೆದುಹಾಕಿ, ಕಣ್ಣಿಗೆ ಕಂಡದ್ದನ್ನು ಬರೆಯಿರಿ. ಅಪ್ಪನ ಶಿಫ್ಟಿನ ಸೈಕಲ್, ಗೇಟ್ ಪಾಸು, ಟಿಫಿನ್ ಡಬ್ಬಿ, ಸೈರನ್ನಿನ ಹೊತ್ತಿಗೆ ಇಳಿಸುತ್ತಿದ್ದ ಅನ್ನ: ಭದ್ರಾವತಿಯ ಮನೆಗಳ ದುಃಖ ಇಂಥವುಗಳಲ್ಲೇ ಇದೆ.

ಬೀದಿಯ ಓದು: ಒಂದು ಗಂಟೆಯ ಕ್ರಮ

ಒಬ್ಬರೇ ಓದುವುದಕ್ಕಿಂತ ನಾಲ್ಕು ಜನ ಸೇರಿ ಓದುವುದು ಮೇಲು. ಅದಕ್ಕೆ ಸಭಾಂಗಣ, ಮೈಕು, ಹಾರ ಯಾವುದೂ ಬೇಡ. ಮನೆಯ ಹಜಾರ, ದೇವಸ್ಥಾನದ ಜಗಲಿ, ರಜಾದಿನದ ಶಾಲಾ ಕೊಠಡಿ ಯಾವುದಾದರೂ ಆದೀತು. ಎಂಟು ಹತ್ತು ಜನಕ್ಕಿಂತ ಹೆಚ್ಚಾದರೆ ಮಾತು ಭಾಷಣವಾಗುತ್ತದೆ.

1. ಎರಡೇ ಕವಿತೆ ಆರಿಸಿ. ದಪ್ಪ ಅಕ್ಷರದಲ್ಲಿ ಜೆರಾಕ್ಸ್ ಮಾಡಿಸಿ ಎಲ್ಲರ ಕೈಗೂ ಕೊಡಿ. ಕನ್ನಡಕ ಮರೆತು ಬಂದವರೂ ಓದುವಂತಿರಲಿ.

2. ಒಂದೊಂದನ್ನೂ ಇಬ್ಬರು ಓದಲಿ. ದನಿ ಬದಲಾದರೆ ಅದೇ ಕವಿತೆ ಬೇರೆಯಾಗಿ ಕೇಳುತ್ತದೆ. ಆಮೇಲೆ ಒಂದು ನಿಮಿಷ ಯಾರೂ ಮಾತಾಡಬೇಡಿ.

3. ‘ಕವಿ ಏನು ಹೇಳಿದ್ದಾನೆ?’ ಎಂಬ ಪರೀಕ್ಷೆಯ ಪ್ರಶ್ನೆ ಬಿಡಿ. ‘ನಿಮಗೆ ಯಾವ ಸಾಲು ತಟ್ಟಿತು?’ ಎಂದು ಕೇಳಿ. ಸುಮ್ಮನಿರುವವರನ್ನು ಬಲವಂತ ಮಾಡಬೇಡಿ.

4. ಯಾರಾದರೂ ಅತ್ತರೆ ‘ಅಳ್ಬೇಡಿ ಅಕ್ಕಾ, ಎಲ್ಲಾ ಸರಿಹೋಗುತ್ತೆ’ ಎನ್ನುವುದು ನಮ್ಮ ನಾಲಿಗೆಗೆ ಬರುವ ಮೊದಲ ಮಾತು. ಅದನ್ನು ತಡೆಯಿರಿ. ಒಂದು ಲೋಟ ನೀರು ಕೊಟ್ಟು, ಪಕ್ಕದಲ್ಲಿ ಕೂತಿರಿ, ಸಾಕು.

5. ಬುದ್ಧಿವಾದಕ್ಕೆ, ಜಾತಿ-ರಾಜಕೀಯದ ಜಗಳಕ್ಕೆ, ವಿಡಿಯೋ ತೆಗೆಯುವುದಕ್ಕೆ ಅಲ್ಲಿ ಜಾಗವಿಲ್ಲ. ಅಲ್ಲಿ ಆಡಿದ ಮಾತು ಬೀದಿಗೆ ಬರಬಾರದು.

6. ಸ್ವಂತ ಕವಿತೆ ಓದುವ ಆಸೆಯುಳ್ಳವರಿಗೆ ಬೇರೆ ದಿನ ಕೊಡಿ. ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಅದು ಕವಿಗೋಷ್ಠಿಯಾಗುತ್ತದೆ.

7. ಕೊನೆಗೆ ಎಲ್ಲರೂ ಸೇರಿ ಒಂದು ಹಾಡು, ಆಮೇಲೆ ಮಂಡಕ್ಕಿ ಕಾಫಿ. ಮುಂದಿನ ಓದಿನ ದಿನ ಗೊತ್ತುಮಾಡದೆ ಏಳಬೇಡಿ.

ಇದಕ್ಕೆ ಬೆನ್ನು ಕೊಡುವ ನೆಲೆಗಳು ಹತ್ತಿರದಲ್ಲೇ ಇವೆ. ಶಿವಮೊಗ್ಗದ ಕರ್ನಾಟಕ ಸಂಘ 1930ರಲ್ಲಿ ಶುರುವಾದದ್ದು, ಪ್ರತಿವರ್ಷ ಕನ್ನಡದ ಹೊಸ ಪುಸ್ತಕಗಳಿಗೆ ಬಹುಮಾನ ಕೊಡುತ್ತದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯವಿದೆ, ಅಲ್ಲಿನ ಕನ್ನಡದ ಅಧ್ಯಾಪಕರನ್ನು ಕೇಳಿದರೆ ಕವಿತೆ ಆರಿಸಲು ನೆರವಾದಾರು. ವರ್ಷಕ್ಕೊಮ್ಮೆ ಗುಂಪು ಕಟ್ಟಿಕೊಂಡು ಕುವೆಂಪು ಅವರ ಊರಾದ ಕುಪ್ಪಳಿಗೆ ಹೋಗಿಬನ್ನಿ. ಕವಿಶೈಲದ ಬಂಡೆಯ ಮೇಲೆ ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಅವರ ಹೆಸರುಗಳನ್ನು ಕೆತ್ತಿದೆ. ಕುವೆಂಪು ಅವರ ಸಮಾಧಿಯೂ ಅಲ್ಲೇ. ಫೋಟೊ ತೆಗೆಸಿಕೊಂಡ ಮೇಲೆ ಒಂದು ಕವಿತೆಯನ್ನಾದರೂ ಅಲ್ಲಿ ಕೂತು ಓದಿ.

ಕವಿತೆ ಸಾಲದಾದಾಗ

ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವುದೂ ಬೇಡ ಅನಿಸುತ್ತಿದ್ದರೆ, ಕುಡಿತ ಹೆಚ್ಚಾಗಿದ್ದರೆ, ಅದಕ್ಕೆ ಬೇಕಾದದ್ದು ವೈದ್ಯರು. ಯಾರಾದರೂ ‘ಸತ್ತರೆ ಸಾಕು’ ಎಂದರೆ ಅದನ್ನು ಬಾಯಿಮಾತು ಎಂದು ತಳ್ಳಿಹಾಕಬೇಡಿ, ಒಬ್ಬರನ್ನೇ ಬಿಡಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಯಾವುದು ಎಂದು ವಿಚಾರಿಸಿಟ್ಟುಕೊಳ್ಳಿ. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಬರೆದು ಈ ಊರಿನ ಸಂಕೋಚವನ್ನು ಎಷ್ಟೋ ಕಳೆದರು. ಮಾತ್ರೆ ನುಂಗುತ್ತಲೇ ಕವಿತೆಯನ್ನೂ ಓದಬಹುದು, ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ. ಕವಿತೆ ಇದೆಯೆಂದು ಮಾತ್ರೆಯನ್ನು ಮಾತ್ರ ಬಿಡಬೇಡಿ.

ಇಷ್ಟೆಲ್ಲ ಒಟ್ಟಿಗೆ ಮಾಡುವುದು ಯಾರಿಗೂ ಆಗುವ ಕೆಲಸವಲ್ಲ. ಈ ವಾರಕ್ಕೆ ಒಂದೇ ಸಾಕು: ನಿಮ್ಮ ಕೇರಿಯಲ್ಲಿ ಈಚೆಗೆ ಬಾಗಿಲು ಹಾಕಿಕೊಂಡು ಕೂತವರು ಯಾರು ಎಂದು ನೆನೆಸಿಕೊಳ್ಳಿ. ಒಂದು ಕವಿತೆ ಆರಿಸಿ, ಕೈಯಲ್ಲಿ ಬರೆದುಕೊಂಡು ಅವರ ಮನೆಗೆ ಹೋಗಿ. ‘ಇದನ್ನ ಓದಿ ಹೇಳ್ಲಾ?’ ಎಂದು ಕೇಳಿ. ಬೇಡ ಅಂದರೆ ಕಾಗದ ಇಟ್ಟು ಬನ್ನಿ, ಮುಂದಿನ ವಾರ ಮತ್ತೆ ಹೋಗಿ.